ದಿನಕ್ಕೆ ಅರ್ಧ ಗಂಟೆ ಕೋಡಿಂಗ್: ಯಾವ ದಾರಿ ಯಾರಿಗೆ?

ಹಾಸನದಲ್ಲಿ ಬಿಸಿಎ ಓದುತ್ತಿರುವ ನನ್ನ ತಂಗಿ ಹೋದ ವರ್ಷ ಒಂದು ರಾತ್ರಿ ಫೋನ್ ಮಾಡಿದಳು. "ಅಣ್ಣಾ, ನಲವತ್ತು ದಿನ ಬಿಡದೆ ಲೀಟ್‌ಕೋಡ್ ಮಾಡಿದೀನಿ. ಇವತ್ತು ಲ್ಯಾಬಲ್ಲಿ ಒಂದು ಫೈಲ್ ಓದಿ ಲೆಕ್ಕ ಹಾಕೋ ಪ್ರೋಗ್ರಾಂ ಬರೀರಿ ಅಂದ್ರು. ಕೈಯೇ ಓಡ್ಲಿಲ್ಲ. ನಾನು ಕಲಿತಿದ್ದೆಲ್ಲ ಸುಳ್ಳಾ?"

ಸುಳ್ಳಲ್ಲ ಪುಟ್ಟಿ, ಅಂದೆ. ನೀನು ಕಲಿತದ್ದು ಒಂದು, ಅವರು ಕೇಳಿದ್ದು ಇನ್ನೊಂದು. (ಲೀಟ್‌ಕೋಡ್ ಅಂದರೆ ಇಂಟರ್‌ವ್ಯೂಗಳಲ್ಲಿ ಕೇಳುವಂಥ ಕೋಡಿಂಗ್ ಪ್ರಶ್ನೆಗಳನ್ನು ಬಿಡಿಸುವ ವೆಬ್‌ಸೈಟ್.)

ಆ ಫೋನು ಇಟ್ಟ ಮೇಲೆ ತುಂಬ ಹೊತ್ತು ಯೋಚನೆ ಮಾಡಿದೆ. ದಿನಾ ಸ್ವಲ್ಪ ಸ್ವಲ್ಪ ಕಲಿ ಅಂತ ಅವಳಿಗೆ ಹೇಳಿದ್ದು ನಾನೇ. ಯಾವುದನ್ನು ಅಂತ ಹೇಳಿರಲಿಲ್ಲ. ಹನಿಗೂಡಿದರೆ ಹಳ್ಳ ನಿಜ, ಆದರೆ ಹನಿಗಳೆಲ್ಲ ಒಂದೇ ಕಡೆ ಬೀಳಬೇಕಲ್ವಾ? ಕಾಲೇಜಿನಲ್ಲಿರುವವರು, ಕೆಲಸ ಮುಗಿಸಿ ರಾತ್ರಿ ಲ್ಯಾಪ್‌ಟಾಪ್ ತೆರೆಯುವವರು, ಮಕ್ಕಳು ಮಲಗಿದ ಮೇಲೆ ಮತ್ತೆ ಕಲಿಯಲು ಕೂರುವವರು, ಎಲ್ಲರ ಕೈಯಲ್ಲೂ ಇರುವುದು ಹೆಚ್ಚು ಕಡಿಮೆ ಅದೇ ಅರ್ಧ ಗಂಟೆ. ಅದನ್ನು ಎಲ್ಲಿ ಹಾಕಿದರೆ ಏನು ಸಿಗುತ್ತದೆ ಅನ್ನುವುದನ್ನು ಇಲ್ಲಿ ಹೋಲಿಸಿ ನೋಡಿದ್ದೇನೆ.

ಭಾನುವಾರ ಮೂರೂವರೆ ಗಂಟೆಯೋ, ದಿನಾ ಅರ್ಧ ಗಂಟೆಯೋ?

ಲೆಕ್ಕಕ್ಕೆ ಎರಡೂ ಒಂದೇ. ಆದರೆ ಭಾನುವಾರ ಕೂತವರ ಮೊದಲ ಮುಕ್ಕಾಲು ಗಂಟೆ "ಹೋದ ವಾರ ಎಲ್ಲಿ ನಿಲ್ಲಿಸಿದ್ದೆ" ಅಂತ ಹುಡುಕುವುದರಲ್ಲೇ ಹೋಗುತ್ತದೆ. ವೇರಿಯಬಲ್ ಹೆಸರು ಮರೆತಿರುತ್ತದೆ. ಆ ಫಂಕ್ಷನ್ ಯಾಕೆ ಹಾಗೆ ಬರೆದೆ ಅನ್ನುವುದೂ ಮರೆತಿರುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿ, ಅರ್ಥವಿಲ್ಲದ ಪದಗಳನ್ನು ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದ. 1885ರಲ್ಲಿ ಅದನ್ನು ಪ್ರಕಟಿಸಿದ. ಒಂದೇ ದಿನ ಗುಡ್ಡೆ ಹಾಕಿ ಓದುವುದಕ್ಕಿಂತ ಹಂಚಿ ಓದಿದ್ದು ಚೆನ್ನಾಗಿ ನಿಲ್ಲುತ್ತದೆ ಅನ್ನುವುದು ಅವನಿಗೆ ಆಗಲೇ ಕಂಡಿತ್ತು.

ವೆಬ್‌ಪುಟ ಮಾಡುವವರು ಬಳಸುವ ಜೆಕ್ವೆರಿ ಅನ್ನುವ ಕೋಡ್ ಸಂಗ್ರಹ ಬರೆದ ಜಾನ್ ರೆಸಿಗ್ 2014ರಲ್ಲಿ ತನ್ನ ಅನುಭವ ಬರೆದುಕೊಂಡಿದ್ದ. ವಾರಾಂತ್ಯಕ್ಕೆ ಅಂತ ಇಟ್ಟುಕೊಂಡ ಸ್ವಂತ ಪ್ರಾಜೆಕ್ಟುಗಳು ಮುಂದಕ್ಕೇ ಹೋಗುತ್ತಿರಲಿಲ್ಲವಂತೆ. ದಿನಾ ಸ್ವಲ್ಪ ಬರೆಯುವ ನಿಯಮ ಮಾಡಿಕೊಂಡ ಮೇಲೆ ಸರಿಹೋಯಿತು. ಅವನು ಹಾಕಿಕೊಂಡ ಒಂದು ಷರತ್ತು ನನಗೆ ತುಂಬ ಇಷ್ಟ: ಬರೆದದ್ದು ಉಪಯೋಗಕ್ಕೆ ಬರುವ ಕೋಡ್ ಆಗಿರಬೇಕು, ಸುಮ್ನೆ ಸ್ಪೇಸ್ ಸರಿಮಾಡಿದ್ದು ಲೆಕ್ಕಕ್ಕಿಲ್ಲ.

ಹಾಗಾಗಿ ದಿನಾ ಅರ್ಧ ಗಂಟೆಗೇ ನನ್ನ ಓಟು. ಭಾನುವಾರಕ್ಕೆ ಬೇರೆ ಕೆಲಸ ಇದೆ, ಆಮೇಲೆ ಹೇಳುತ್ತೇನೆ.

ಆರಿಸುವಾಗ ನಾನು ನೋಡುವುದು

ತಪ್ಪು ಮಾಡಿದರೆ ಎಷ್ಟು ಬೇಗ ಗೊತ್ತಾಗುತ್ತದೆ ಅನ್ನುವುದು ಒಂದು. ಅರ್ಧ ಗಂಟೆಯಲ್ಲಿ ಒಂದು ತುಂಡಾದರೂ ಮುಗಿಯುತ್ತದಾ ಅನ್ನುವುದು ಇನ್ನೊಂದು. ಇವೆರಡನ್ನೂ ಜನ ನೋಡುತ್ತಾರೆ. ನನಗೆ ಎಲ್ಲಕ್ಕಿಂತ ಮುಖ್ಯ ಮೂರನೆಯದು: ಇವತ್ತು ಎದ್ದು ಹೋಗುವಾಗ, ನಾಳೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿರುತ್ತದಾ?

ಅದು ಗೊತ್ತಿದ್ದರೆ ಮಾರನೇ ದಿನ ಕೂರುವುದು ಕಷ್ಟವೇ ಅಲ್ಲ. ತಲೆ ಬಸ್ಸಿನಲ್ಲೇ ಕೆಲಸ ಶುರು ಮಾಡಿಬಿಟ್ಟಿರುತ್ತದೆ. ಗೊತ್ತಿಲ್ಲದಿದ್ದರೆ "ಇವತ್ತು ಏನು ಮಾಡಲಿ" ಅಂತ ಹತ್ತು ಟ್ಯಾಬ್ ತೆರೆಯುವುದರಲ್ಲೇ ಅರ್ಧ ಗಂಟೆ ಮುಗಿಯುತ್ತದೆ. ದಿನದ ಅಭ್ಯಾಸ ನಿಂತುಹೋಗುವುದು ಸೋಮಾರಿತನದಿಂದ ಅಂತ ಬೈದುಕೊಳ್ಳುತ್ತೇವೆ. ನಾನು ನೋಡಿದ ಮಟ್ಟಿಗೆ, ನಾಳೆಗೆ ಎಳೆ ಉಳಿಸದೆ ಎದ್ದುಹೋದವರ ಅಭ್ಯಾಸವೇ ಜಾಸ್ತಿ ನಿಂತಿರುವುದು.

ಲೀಟ್‌ಕೋಡ್: ಇಂಟರ್‌ವ್ಯೂ ಹತ್ತಿರ ಇದ್ದರೆ

ಮೂರು ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿವೆ. ಈಸಿ, ಮೀಡಿಯಂ, ಹಾರ್ಡ್ ಅಂತ ಮೂರು ಮಟ್ಟ. ದಿನಕ್ಕೊಂದು ಪ್ರಶ್ನೆ ಅವರೇ ಕೊಡುತ್ತಾರೆ, ನಮ್ಮ ಸಮಯ ಬೆಳಗ್ಗೆ ಐದೂವರೆಗೆ ಅದು ಬದಲಾಗುತ್ತದೆ. ಬರೆದ ಕೋಡ್ ಕಳಿಸಿದರೆ ಕೆಲವೇ ಕ್ಷಣದಲ್ಲಿ ಸರಿಯೋ ತಪ್ಪೋ ಅಂತ ಉತ್ತರ. ಯಾವ ಇನ್‌ಪುಟ್‌ಗೆ ಮುರಿದುಬಿತ್ತು ಅಂತಲೂ ಸಾಮಾನ್ಯವಾಗಿ ತೋರಿಸುತ್ತದೆ. ತಪ್ಪು ಬೇಗ ಗೊತ್ತಾಗುವ ವಿಷಯದಲ್ಲಿ ಇದನ್ನು ಮೀರಿಸುವುದು ಕಷ್ಟ.

ಇದು ಏನನ್ನು ಚೆನ್ನಾಗಿ ಕಲಿಸುತ್ತದೆ ಅಂತ ಮೊದಲನೇ ಪ್ರಶ್ನೆಯಲ್ಲೇ ನೋಡಬಹುದು. ಒಂದು ಪಟ್ಟಿಯಲ್ಲಿ ಕೂಡಿದರೆ ಇಂತಿಷ್ಟು ಬರುವ ಎರಡು ಸಂಖ್ಯೆ ಹುಡುಕಬೇಕು. ಹೊಸಬರು ಲೂಪಿನೊಳಗೆ ಲೂಪ್ ಬರೆಯುತ್ತಾರೆ, ಅಂದರೆ ಒಂದೊಂದು ಸಂಖ್ಯೆಯನ್ನೂ ಉಳಿದ ಎಲ್ಲದರ ಜೊತೆ ಕೂಡಿಸಿ ನೋಡುತ್ತಾರೆ. ಪಟ್ಟಿಯಲ್ಲಿ 10,000 ಸಂಖ್ಯೆ ಇದ್ದರೆ ಹೋಲಿಸಬೇಕಾದ ಜೋಡಿ 4,99,95,000, ಹತ್ತಿರ ಹತ್ತಿರ ಐದು ಕೋಟಿ. ಅದರ ಬದಲು ದಾಟಿ ಬಂದ ಸಂಖ್ಯೆಗಳನ್ನೆಲ್ಲ ಒಂದು ಡಿಕ್ಷನರಿಯಲ್ಲಿ (ಹುಡುಕಿದ್ದು ತಕ್ಷಣ ಸಿಗುವ ಹಾಗೆ ಜೋಡಿಸಿಡುವ ಸಂಗ್ರಹದಲ್ಲಿ) ಇಟ್ಟುಕೊಂಡು, "ನನಗೆ ಬೇಕಾದ ಜೊತೆ ಆಗಲೇ ಬಂದಿದೆಯಾ" ಅಂತ ಕೇಳುತ್ತಾ ಹೋದರೆ 10,000 ಹೆಜ್ಜೆಗೇ ಮುಗಿಯುತ್ತದೆ. ಈ ಒಂದು ತಿಳಿವಳಿಕೆ ಕೈಗೆ ಬಂದರೆ ಜೀವನ ಪೂರ್ತಿ ಕೆಲಸಕ್ಕೆ ಬರುತ್ತದೆ.

ಆದರೆ ಇಲ್ಲಿ ಫಂಕ್ಷನ್ನಿನ ಹೆಸರು ಅವರೇ ಕೊಟ್ಟಿರುತ್ತಾರೆ. ಇನ್‌ಪುಟ್ ಶುದ್ಧವಾಗಿ ಬಂದು ಕೂತಿರುತ್ತದೆ. ಫೈಲ್ ತೆರೆಯುವುದಿಲ್ಲ, ಖಾಲಿ ಸಾಲು ಬರುವುದಿಲ್ಲ, ಬರೆದ ಕೋಡನ್ನು ಮೂರು ವಾರ ಬಿಟ್ಟು ತಿದ್ದುವ ಪ್ರಸಂಗವೂ ಇಲ್ಲ. ನನ್ನ ತಂಗಿ ಲ್ಯಾಬಲ್ಲಿ ಸಿಕ್ಕಿಬಿದ್ದದ್ದು ಇದಕ್ಕೇ. ನಾಳೆಯ ಎಳೆಯೂ ಇಲ್ಲಿ ತೆಳು. ಇವತ್ತು ಟ್ರೀ (ಮರದ ಹಾಗೆ ಕವಲೊಡೆಯುವ ಡೇಟಾ), ನಾಳೆ ಸ್ಟ್ರಿಂಗ್ (ಅಕ್ಷರಗಳ ಸಾಲು), ನಾಡಿದ್ದು ಇನ್ನೇನೋ. ಆರಿಸಿಕೊಂಡರೆ ಒಂದು ವಾರ ಪೂರ್ತಿ ಒಂದೇ ವಿಷಯ ಮಾಡಿ. ಸೋಮವಾರ ಬಿಡಿಸಿದ್ದನ್ನು ಗುರುವಾರ ನೋಡದೆ ಮತ್ತೆ ಬರೆಯಿರಿ. ಎರಡನೇ ಸಲ ತೊಡರಿದ ಜಾಗವೇ ನಿಜವಾಗಿ ಕಲಿಯಬೇಕಾದ ಜಾಗ.

ಮೂರು ತಿಂಗಳೊಳಗೆ ಪ್ಲೇಸ್‌ಮೆಂಟ್ ಇದ್ದರೆ ಇದನ್ನೇ ಮಾಡಿ, ಬೇರೆ ಯೋಚನೆ ಬೇಡ. ಹಣ ಕೊಡುವ ಪ್ರೀಮಿಯಂ ಇಲ್ಲದೆಯೂ ಬೇಕಾದಷ್ಟು ಪ್ರಶ್ನೆಗಳು ಸಿಗುತ್ತವೆ.

ಎಕ್ಸರ್‌ಸಿಸಂ: ಈಗಷ್ಟೇ ಶುರು ಮಾಡಿದವರಿಗೆ

2013ರಲ್ಲಿ ಕತ್ರಿನಾ ಓವನ್ ಶುರು ಮಾಡಿದ ಕೋಡಿಂಗ್ ಅಭ್ಯಾಸದ ವೆಬ್‌ಸೈಟ್. ಉಚಿತ. ಪೈಥಾನ್, ಜಾವಾ, ರಸ್ಟ್ ಸೇರಿ 70ಕ್ಕೂ ಹೆಚ್ಚು ಭಾಷೆಗಳಿವೆ. ಒಂದೊಂದು ಅಭ್ಯಾಸವೂ ಚಿಕ್ಕದು, ಜೊತೆಗೇ ನಮ್ಮ ಕೋಡ್ ಸರಿಯಾ ಅಂತ ತಾವೇ ಪರೀಕ್ಷಿಸುವ ಟೆಸ್ಟುಗಳು ಬರುತ್ತವೆ. ಟೆಸ್ಟ್ ಪಾಸಾಗುವ ಹಾಗೆ ಕೋಡ್ ಬರೆಯುವುದು ನಮ್ಮ ಕೆಲಸ.

ಅಧಿಕ ವರ್ಷ ಕಂಡುಹಿಡಿಯುವ ಅಭ್ಯಾಸ ತೆಗೆದುಕೊಳ್ಳಿ. ನಾಲ್ಕರಿಂದ ಭಾಗವಾದರೆ ಅಧಿಕ ವರ್ಷ ಅಂತ ಬರೆದು ಮುಗಿಸುತ್ತೀರಿ. 1900ರ ಟೆಸ್ಟ್ ಕೆಂಪಾಗುತ್ತದೆ, ಅಂದರೆ ಫೇಲ್. ನೂರರಿಂದ ಭಾಗವಾದರೆ ಅಲ್ಲ ಅಂತ ಸೇರಿಸುತ್ತೀರಿ. ಈಗ 2000 ಕೆಂಪು. ನಾನೂರರಿಂದ ಭಾಗವಾದರೆ ಮತ್ತೆ ಹೌದು. ಹೀಗೆ ಎರಡು ಸಲ ಎಡವಿ ಬರೆದ ನಾಲ್ಕು ಸಾಲು, ಯಾರೋ ಹೇಳಿಕೊಟ್ಟ ನಲವತ್ತು ಸಾಲಿಗಿಂತ ಗಟ್ಟಿ. ಟೆಸ್ಟ್ ನೋಡಿಕೊಂಡು ಕೋಡ್ ಬರೆಯುವ ಅಭ್ಯಾಸ ಕೆಲಸದಲ್ಲೂ ಹಾಗೇ ಮುಂದುವರಿಯುತ್ತದೆ.

ಇದರ ದೊಡ್ಡ ಆಸ್ತಿ ಮೆಂಟರ್‌ಗಳು. ಸ್ವಯಂಸೇವಕರು ನಿಮ್ಮ ಕೋಡ್ ಓದಿ, "ಇದು ಸರಿ ಇದೆ, ಆದರೆ ಈ ಇಫ್ ಬೇಕಾಗಿಲ್ಲ" ಅಂತ ಬರೆಯುತ್ತಾರೆ. ಉತ್ತರಕ್ಕೆ ಕಾಯಬೇಕಾಗಬಹುದು, ಕಾಯಿರಿ. ಸರಿಯಾದ ಕೋಡಿಗೂ ಒಳ್ಳೆಯ ಕೋಡಿಗೂ ಇರುವ ವ್ಯತ್ಯಾಸ ಹೇಳುವ ಮನುಷ್ಯ ಸಿಗುವುದು ಕಾಲೇಜಿನಲ್ಲೂ ಅಪರೂಪ. ಮುಂದಿನ ಅಭ್ಯಾಸ ಯಾವುದು ಅಂತ ಟ್ರ್ಯಾಕ್ (ಆರಿಸಿದ ಭಾಷೆಯ ಅಭ್ಯಾಸಗಳ ಸಾಲು) ತಾನೇ ತೋರಿಸುವುದರಿಂದ ನಾಳೆಯ ಎಳೆಯೂ ಇದೆ. ಪ್ರೋಗ್ರಾಮಿಂಗ್ ಶುರು ಮಾಡಿ ಆರು ತಿಂಗಳೂ ಆಗಿಲ್ಲ ಅನ್ನುವವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಗಣಿತದ ರುಚಿ, ಸ್ಪರ್ಧೆಯ ರುಚಿ

ಕೋಡ್ ಬರೆದು ಬಿಡಿಸುವ ಗಣಿತದ ಒಗಟುಗಳ ವೆಬ್‌ಸೈಟ್ ಪ್ರಾಜೆಕ್ಟ್ ಆಯ್ಲರ್ 2001ರಿಂದ ಇದೆ. ಮೊದಲನೇ ಪ್ರಶ್ನೆ: 1000ಕ್ಕಿಂತ ಕಡಿಮೆ ಇರುವ, 3 ಅಥವಾ 5ರಿಂದ ಭಾಗವಾಗುವ ಎಲ್ಲ ಸಂಖ್ಯೆಗಳ ಮೊತ್ತ ಎಷ್ಟು? ಮೊದಲ ದಿನ ಲೂಪ್ ಹಾಕಿ ಉತ್ತರ ತೆಗೆಯಿರಿ. ಎರಡನೇ ದಿನ ಸಾವಿರದ ಜಾಗದಲ್ಲಿ ನೂರು ಕೋಟಿ ಹಾಕಿ ನೋಡಿ, ಕಾದು ಕಾದು ಸಾಕಾಗುತ್ತದೆ. ಮೂರನೇ ದಿನ ಹೈಸ್ಕೂಲಿನ ಸಮಾಂತರ ಶ್ರೇಣಿಯ ಸೂತ್ರ ನೆನಪಾಗುತ್ತದೆ. ಮೂರರದ್ದು ಕೂಡಿಸಿ, ಐದರದ್ದು ಕೂಡಿಸಿ, ಎರಡು ಸಲ ಎಣಿಸಿದ ಹದಿನೈದರದ್ದು ಕಳೆದರೆ ಲೂಪೇ ಬೇಡ. ಒಂದೇ ಪ್ರಶ್ನೆಯನ್ನು ದಿನಾ ಸ್ವಲ್ಪ ಸ್ವಲ್ಪ ಉತ್ತಮ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆದರೆ ಇದು ನೋಡುವುದು ಉತ್ತರದ ಸಂಖ್ಯೆಯನ್ನು ಮಾತ್ರ, ನಿಮ್ಮ ಕೋಡನ್ನಲ್ಲ. ಮುಂದೆ ಮುಂದೆ ಹೋದಂತೆ ಗಣಿತವೇ ಮೇಲುಗೈ. ಗಣಿತ ಪ್ರೀತಿಸುವವರಿಗೆ ಹಬ್ಬ, ಉಳಿದವರು ಮೊದಲ ಇಪ್ಪತ್ತೈದು ಪ್ರಶ್ನೆಗೆ ನಿಲ್ಲಿಸಿದರೆ ನಷ್ಟವಿಲ್ಲ.

ಹೆಲ್ಸಿಂಕಿಯ ಆಂಟಿ ಲಾಕ್ಸೊನೆನ್ ನಡೆಸುವ ಸಿಎಸ್‌ಇಎಸ್ ಪ್ರಶ್ನೆಗಳು ಅಲ್ಗಾರಿದಮ್ಮನ್ನು (ಲೆಕ್ಕ ಬಿಡಿಸುವ ಹೆಜ್ಜೆಗಳ ಕ್ರಮವನ್ನು) ವಿಷಯವಾರು ಕಲಿಯುವವರಿಗೆ. ಇದರ ಮೊದಲ ಪ್ರಶ್ನೆಯೇ ಹೊಸಬರನ್ನು ಬೀಳಿಸುತ್ತದೆ. ಸಮ ಸಂಖ್ಯೆಯಾದರೆ ಅರ್ಧ ಮಾಡು, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿಸು, ಒಂದು ಬರುವವರೆಗೆ. ಇಷ್ಟೇ. ಆದರೆ 113383ರಿಂದ ಹೊರಟರೆ ದಾರಿಯಲ್ಲಿ ಸಂಖ್ಯೆ 248 ಕೋಟಿ ಮುಟ್ಟುತ್ತದೆ. ಸಿ++ನಲ್ಲಿ ಪೂರ್ಣಾಂಕ ಇಡುವ 32 ಬಿಟ್ ಇಂಟ್ ಹಿಡಿಯುವುದು ಸುಮಾರು 214 ಕೋಟಿ. ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಲಾಂಗ್ ಯಾಕೆ ಇದೆ ಅಂತ ಅವತ್ತು ಅರ್ಥವಾಗುತ್ತದೆ.

ಕೋಡ್‌ಫೋರ್ಸಸ್ ಅನ್ನುವ ವೆಬ್‌ಸೈಟಿನ ಕೋಡಿಂಗ್ ಸ್ಪರ್ಧೆಗಳು ಸಾಮಾನ್ಯವಾಗಿ ನಮ್ಮ ರಾತ್ರಿ 8:05ಕ್ಕೆ ಶುರುವಾಗಿ ಎರಡು ಗಂಟೆ ಆಸುಪಾಸು ನಡೆಯುತ್ತವೆ. ಅರ್ಧ ಗಂಟೆಯವರಿಗೆ ಇದು ಹೊಂದುವುದಿಲ್ಲ. ವಾರಕ್ಕೊಂದು ಸ್ಪರ್ಧೆ, ಉಳಿದ ದಿನ ಅದರಲ್ಲಿ ಬಿಟ್ಟುಹೋದ ಪ್ರಶ್ನೆ ಬಿಡಿಸುವುದು ಅಂದರೆ ಮಾತ್ರ ಸರಿ. ಸ್ಪರ್ಧೆಗೆ ಇಳಿಯುವವರು ಇದನ್ನು ಅಪ್‌ಸಾಲ್ವಿಂಗ್ ಅನ್ನುತ್ತಾರೆ. ಕಲಿಕೆ ನಿಜವಾಗಿ ಆಗುವುದೂ ಅಲ್ಲೇ.

ಅಡ್ವೆಂಟ್ ಆಫ್ ಕೋಡ್ ಬಗ್ಗೆ ಒಂದು ಮಾತು. ಎರಿಕ್ ವಾಸ್ಟಲ್ 2015ರಿಂದ ಪ್ರತಿ ಡಿಸೆಂಬರ್ ನಡೆಸುತ್ತಾ ಬಂದ ಒಗಟುಗಳು. ಹೊಸ ಒಗಟು ತೆರೆಯುವುದು ನಮ್ಮ ಬೆಳಗ್ಗೆ ಹತ್ತೂವರೆಗೆ, ಆಫೀಸಿನ ಹೊತ್ತಿಗೆ ಸರಿಯಾಗಿ. 2025ರಿಂದ 12 ದಿನಕ್ಕೆ ಇಳಿಸಿದ್ದಾರೆ. ಆದರೆ 2015ರಿಂದ 2024ರವರೆಗಿನ ವರ್ಷಕ್ಕೆ 25ರಂತೆ 250 ಒಗಟುಗಳು ಈಗಲೂ ತೆರೆದಿವೆ, ಯಾವ ತಿಂಗಳಲ್ಲಾದರೂ ಮಾಡಬಹುದು. ಇಲ್ಲಿ ನಿಮ್ಮ ಪಾಲಿನ ಇನ್‌ಪುಟ್ ಅನ್ನು ಫೈಲಿನಿಂದ ಓದಿ, ಒಡೆದು, ಜೋಡಿಸಬೇಕು. ಮೊದಲ ಭಾಗ ಮುಗಿಸಿದರೆ ಎರಡನೇ ಭಾಗ ತೆರೆಯುತ್ತದೆ, ಬರೆದ ಕೋಡನ್ನೇ ಬಗ್ಗಿಸಬೇಕು. ಲೀಟ್‌ಕೋಡಿನಲ್ಲಿ ಸಿಗದ ಎರಡೂ ಇಲ್ಲಿವೆ.

ಕೋರ್ಸ್ ನೋಡುವುದು

ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಕೋರ್ಸುಗಳ ತಾಣ ಎನ್‌ಪಿಟೆಲ್‌ನಲ್ಲಿ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಮಾಧವನ್ ಮುಕುಂದ್ ಅವರ ಪೈಥಾನ್ ಕೋರ್ಸ್ ಇದೆ, ಎಂಟು ವಾರದ್ದು. ಕಲಿಯುವುದಕ್ಕೆ ಉಚಿತ, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ಶುಲ್ಕ. ವಾರವಾರ ಅಸೈನ್‌ಮೆಂಟಿಗೆ ಗಡುವು ಇರುವುದರಿಂದ ಯಾರಾದರೂ ಹಿಂದೆ ಬಿದ್ದು ಮಾಡಿಸಿದರೆ ಮಾತ್ರ ಮಾಡುವವರಿಗೆ ಒಳ್ಳೆಯದು. ಒಂದೇ ಎಚ್ಚರ. ವಿಡಿಯೋ ನೋಡುವಾಗ ಎಲ್ಲ ಅರ್ಥವಾಯಿತು ಅನಿಸುತ್ತದೆ. ಹತ್ತು ನಿಮಿಷ ನೋಡಿ, ನಿಲ್ಲಿಸಿ, ಇಪ್ಪತ್ತು ನಿಮಿಷ ಟೈಪ್ ಮಾಡಿ. ಈಜುವುದನ್ನು ದಡದಲ್ಲಿ ಕೂತು ಕಲಿತವರಿಲ್ಲ.

ಸ್ವಂತಕ್ಕೆ ಒಂದು ಚಿಕ್ಕ ಪ್ರೋಗ್ರಾಂ: ನನ್ನ ಆಯ್ಕೆ

ಆ ಫೋನಾದ ಮೇಲೆ ತಂಗಿಗೆ ನಾನು ಕೊಟ್ಟ ಕೆಲಸ ಇದು. ನಮ್ಮ ಅಜ್ಜಿ ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ತಿಂಗಳ ಕೊನೆಗೆ ಕೂಡಿಸುವುದು ಮನೆಯವರ ಪಾಡು. "ಅದನ್ನ ಪೈಥಾನಲ್ಲಿ ಮಾಡು. ದಿನಕ್ಕೆ ಅರ್ಧ ಗಂಟೆ ಮೀರಬೇಡ," ಅಂದೆ.

ಮೊದಲ ದಿನ ಮೂವತ್ತು ಸಂಖ್ಯೆಯ ಪಟ್ಟಿ ಕೂಡಿಸಿದಳು. ಎರಡನೇ ದಿನ ಅದೇ ಸಂಖ್ಯೆಗಳನ್ನು ಫೈಲಿನಿಂದ ಓದಿದಳು. ಮೂರನೇ ದಿನ ಹಾಲು ಬಾರದ ದಿನದ ಖಾಲಿ ಸಾಲಿಗೆ ಪ್ರೋಗ್ರಾಂ ಬಿದ್ದುಹೋಯಿತು. ಲ್ಯಾಬಲ್ಲಿ ಕೈ ಓಡದ ಜಾಗ ಇದೇ. ಆ ದಿನ ಓಡಿತು.

ನಾಲ್ಕನೇ ದಿನ ಅಜ್ಜಿ ಬರೆದ ಹಾಗೇ ಕನ್ನಡ ಅಂಕಿಯಲ್ಲಿ ಫೈಲಿಗೆ ಹಾಕಿದಳು. ಬೀಳುತ್ತದೆ ಅಂದುಕೊಂಡಿದ್ದಳು, ಬೀಳಲಿಲ್ಲ. ಬರಹವನ್ನು ಸಂಖ್ಯೆ ಮಾಡುವ ಪೈಥಾನಿನ ಇಂಟ್‌ಗೆ ೧೨ ಕೊಟ್ಟರೆ 12 ಅಂತಲೇ ತಿಳಿದುಕೊಳ್ಳುತ್ತದೆ. ಆ ಖುಷಿಗೆ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್. ಮಾರನೇ ದಿನ ಬಿತ್ತು. ಅಜ್ಜಿ ಒಂದೂವರೆ ಲೀಟರಿಗೆ ಹಳೇ ಕಾಲದ ಹಾಗೆ ೧॥ ಅಂತ ಬರೆಯುತ್ತಾರೆ. ಆ ಎರಡು ಗೆರೆ ಪೈಥಾನಿಗೆ ಗೊತ್ತಿಲ್ಲ, ವ್ಯಾಲ್ಯೂ ಎರರ್ ಅಂತ ತಪ್ಪು ತೋರಿಸಿ ನಿಂತಿತು. ಗೆರೆ ಇದ್ದರೆ ತೆಗೆದು ಅರ್ಧ ಸೇರಿಸುವ ಫಂಕ್ಷನ್ ಬರೆಯುವುದಕ್ಕೆ ಎರಡು ದಿನ ಹಿಡಿಯಿತು.

ಆಮೇಲೆ ದುಡ್ಡಿನ ಲೆಕ್ಕ. 0.1ಕ್ಕೆ 0.2 ಕೂಡಿಸಿದರೆ ಪೈಥಾನ್ 0.30000000000000004 ಅನ್ನುತ್ತದೆ ಅಂತ ತೋರಿಸಿದೆ. ಗಾಬರಿಯಾದಳು. ರೂಪಾಯಿ ಬಿಟ್ಟು ಪೈಸೆಯಲ್ಲಿ, ಲೀಟರ್ ಬಿಟ್ಟು ಅರ್ಧ ಲೀಟರಿನ ಲೆಕ್ಕದಲ್ಲಿ ಇಟ್ಟರೆ ಎಲ್ಲ ಪೂರ್ಣಾಂಕ ಅಂತ ಅವಳೇ ಕಂಡುಕೊಂಡಳು. ನಾನು ಹೇಳಿಕೊಡಲಿಲ್ಲ.

ಕೊನೆಗೆ ತಲೆಬರಹ ಕನ್ನಡದಲ್ಲಿ ಅಚ್ಚು ಹಾಕಲು ಹೋದರೆ ಕಂಬಸಾಲು ಸೊಟ್ಟ. ಯಾಕೆ? 'ಕನ್ನಡ' ಪದದ ಉದ್ದ ಕೇಳಿದರೆ ಪೈಥಾನ್ 5 ಅನ್ನುತ್ತದೆ. ನಮ್ಮ ಕಣ್ಣಿಗೆ ಮೂರು ಅಕ್ಷರ. ಕ, ನ, ಹಲಂತದ ಗುರುತು, ಮತ್ತೆ ನ, ಡ ಅಂತ ಅದು ಎಣಿಸುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಅಂದರೇನು ಅನ್ನುವ ಪಾಠವನ್ನು ಇದಕ್ಕಿಂತ ಹತ್ತಿರದಿಂದ ಯಾವ ಕೋರ್ಸ್ ಹೇಳಿಕೊಡುತ್ತದೆ ಹೇಳಿ?

ಇಲ್ಲಿ ತಪ್ಪು ಬೇಗ ಗೊತ್ತಾಗುವುದಿಲ್ಲ, ಅದೊಂದು ನಿಜವಾದ ಕೊರತೆ. ಟೆಸ್ಟ್ ನೀವೇ ಬರೆದುಕೊಳ್ಳಬೇಕು. ಕೋಡ್ ಚೆನ್ನಾಗಿದೆಯಾ ಅಂತ ಹೇಳುವವರಿಲ್ಲ, ಯಾರಿಗಾದರೂ ತೋರಿಸಬೇಕು. ಕೆಲವು ವಿಷಯ ನಿಮ್ಮ ದಾರಿಗೆ ಬರುವುದೇ ಇಲ್ಲ. ಹಾಲಿನ ಲೆಕ್ಕ ಯಾರಿಗೂ ಗ್ರಾಫ್ (ಊರು-ರಸ್ತೆಗಳ ಹಾಗೆ ಒಂದಕ್ಕೊಂದು ಜೋಡಿಸಿದ ಡೇಟಾ) ಕಲಿಸುವುದಿಲ್ಲ. ಆದರೆ ನಾಳೆಯ ಎಳೆ ಇದರಷ್ಟು ಗಟ್ಟಿಯಾಗಿ ಬೇರೆಲ್ಲೂ ಸಿಗುವುದಿಲ್ಲ, ಏಕೆಂದರೆ ಪ್ರಶ್ನೆ ಬರುವುದು ಮನೆಯಿಂದಲೇ.

ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ಓದಿ ತಿದ್ದಬಹುದಾದ) ಪ್ರಾಜೆಕ್ಟಿಗೆ ತಿದ್ದುಪಡಿ ಕಳಿಸುವುದನ್ನು ನಾನು ಭಾನುವಾರಕ್ಕೆ ಇಟ್ಟಿದ್ದೇನೆ. ಒಳ್ಳೆಯ ಕೆಲಸ, ಆದರೆ ದೊಡ್ಡ ಪ್ರಾಜೆಕ್ಟನ್ನು ನಿಮ್ಮ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿಸುವುದರಲ್ಲೇ, ಅಂದರೆ ಓಡುವ ಹಾಗೆ ಸಿದ್ಧ ಮಾಡುವುದರಲ್ಲೇ, ಒಂದು ವಾರದ ಅರ್ಧ ಗಂಟೆಗಳು ಹೋಗುತ್ತವೆ. ಒಂದು ಭಾನುವಾರ ಬಿಲ್ಡ್ ಮಾಡಿ, ಹೊಸಬರಿಗೆ ಅಂತ 'ಗುಡ್ ಫಸ್ಟ್ ಇಶ್ಯೂ' ಗುರುತು ಹಾಕಿದ ಸಮಸ್ಯೆಗಳಲ್ಲಿ ಒಂದನ್ನು ಆರಿಸಿ, ಆಮೇಲೆ ದಿನಾ ಅದಕ್ಕೆ ಸಂಬಂಧಿಸಿದ ಒಂದು ಫೈಲ್ ಓದಿ.

ಹಸಿರು ಚೌಕ ಮತ್ತು ಎಐ

ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಮೊದಲು ಎಷ್ಟು ದಿನ ಬಿಡದೆ ಕೋಡ್ ಹಾಕಿದ್ದೀರಿ ಅಂತ ಎಣಿಸಿ ತೋರಿಸುತ್ತಿದ್ದರು. 2016ರಲ್ಲಿ ಆ ಎಣಿಕೆ ತೆಗೆದರು, ಕೋಡ್ ಹಾಕಿದ ದಿನಗಳನ್ನು ಗುರುತಿಸುವ ಹಸಿರು ಚೌಕ ಉಳಿಯಿತು. ಎಣಿಕೆ ನಿಮ್ಮನ್ನು ಕೂರಿಸುತ್ತದೆ ಅಂದರೆ ಇಟ್ಟುಕೊಳ್ಳಿ. ಜ್ವರ ಬಂದ ದಿನ, ಮನೆಯಲ್ಲಿ ಮದುವೆ ಇರುವ ದಿನ ಬಿಟ್ಟುಹೋದರೆ ಬಿಡಿ. ಎರಡು ದಿನ ಸಾಲಾಗಿ ಬಿಡಬೇಡಿ, ಅಷ್ಟೇ ನನ್ನ ನಿಯಮ.

ಎಐ ಸಹಾಯಕರ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೆಲಸದಲ್ಲಿ ನಾನೂ ಬಳಸುತ್ತೇನೆ. ಈ ಅರ್ಧ ಗಂಟೆಯಲ್ಲಿ ಮಾತ್ರ ಆಟೋಕಂಪ್ಲೀಟ್ ಆಫ್. ಟ್ಯಾಬ್ ಒತ್ತಿದರೆ ಸಾಲು ತಾನೇ ಬರುತ್ತದೆ, ಎಡವಬೇಕಾದ ಜಾಗದಲ್ಲಿ ನೀವು ಎಡವುವುದೇ ಇಲ್ಲ. ಬರೆದು ಮುಗಿಸಿದ ಮೇಲೆ "ಇದರಲ್ಲಿ ಏನು ತಪ್ಪಿದೆ" ಅಂತ ಕೇಳಿ. ಅದು ಹೇಳಿದ್ದನ್ನು ಓಡಿಸಿ ನೋಡಿಯೇ ನಂಬಿ.

ಹಾಗಾದರೆ ಯಾವುದು?

ಆರು ತಿಂಗಳೊಳಗಿನ ಹೊಸಬರಾದರೆ ಎಕ್ಸರ್‌ಸಿಸಂನಲ್ಲಿ ಒಂದೇ ಭಾಷೆ, ಎರಡು ತಿಂಗಳು. ಇಂಟರ್‌ವ್ಯೂ ಹತ್ತಿರ ಇದ್ದರೆ ಲೀಟ್‌ಕೋಡ್, ವಾರಕ್ಕೊಂದು ವಿಷಯ. ಕೆಲಸದಲ್ಲಿದ್ದು ಕೈ ಜಡ್ಡುಗಟ್ಟಿದೆ ಅನಿಸುವವರಿಗೆ ಅಡ್ವೆಂಟ್ ಆಫ್ ಕೋಡಿನ ಹಳೇ ವರ್ಷ. ಇದ್ಯಾವ ಆತುರವೂ ಇಲ್ಲ, ನಿಜವಾಗಿ ಪ್ರೋಗ್ರಾಂ ಬರೆಯಲು ಬರಬೇಕು ಅನ್ನುವವರು ಮನೆಯಲ್ಲೋ ಅಂಗಡಿಯಲ್ಲೋ ಒಂದು ಲೆಕ್ಕದ ಪುಸ್ತಕ ಹುಡುಕಿ. ವಾರದಲ್ಲಿ ಐದು ದಿನ ಅದು, ಎರಡು ದಿನ ಲೀಟ್‌ಕೋಡೋ ಸಿಎಸ್‌ಇಎಸ್ಸೋ. ನಾನು ಈಗಲೂ ಹೀಗೇ ಮಾಡುವುದು. ಆರಿಸಿದ್ದನ್ನು ಮೂರು ವಾರ ಬದಲಿಸಬೇಡಿ.

ಯಾವುದನ್ನೇ ಮಾಡಿದರೂ ಏಳುವ ಮುಂಚೆ ಕೊನೆಯ ಎರಡು ನಿಮಿಷ ಉಳಿಸಿಕೊಂಡು, ಕೋಡಿನ ತಲೆಯಲ್ಲಿ ಒಂದು ಕಾಮೆಂಟ್ ಬರೆಯಿರಿ. 'ನಾಳೆ' ಅಂತ ಶುರುವಾಗಬೇಕು. ಮೊನ್ನೆ ಊರಿಗೆ ಹೋದಾಗ ತಂಗಿಯ ಲ್ಯಾಪ್‌ಟಾಪ್ ತೆರೆದಿತ್ತು. ಹಾಲಿನ ಫೈಲಿನ ಮೊದಲ ಸಾಲು ಓದಿದೆ: "ನಾಳೆ: ತಿಂಗಳ ನಡುವೆ ರೇಟು ಜಾಸ್ತಿ ಮಾಡಿದ್ರೆ? ಅಜ್ಜಿನ ಕೇಳು."